ಹಾಸ್ಟೆಲಿಗೆ ಹೋದ ಮೊಸರು

ಭಾನುಪ್ರಿಯಾ ಶನಿವಾರ ಹದಿನಾರು ಗ್ರಾಮದ ತನ್ನ ಮನೆಗೆ ಬಂದಳೆಂದರೆ ಮೊದಲ ಜಗಳ ಬಚ್ಚಲಿನಲ್ಲೇ ಹತ್ತಿಕೊಳ್ಳುತ್ತಿತ್ತು.

“ಅಮ್ಮ, ಹಂಡೆ ನೀರು ಇನ್ನೂ ಕಾದಿಲ್ಲ.”

“ಸೌದೆ ತುರುಕುದ್ರೆ ಕಾಯ್ತದೆ. ನೋಡ್ಕಂಡ್ ನಿಂತ್ರೆ ಕಾದಾತಾ?”

“ನಮ್ಮ ಹಾಸ್ಟೆಲಲ್ಲಿ ನಲ್ಲಿ ತಿರುಗಿಸಿದ್ರೆ ಸಾಕು, ಬಿಸಿನೀರು ಬರುತ್ತೆ.”

“ಅಂಗಾರೆ ಅಲ್ಲೇ ಮಿಂದ್ಕಂಡ್ ಬರ್ಬೇಕಾಗಿತ್ತು ಕಣಮ್ಮಿ,” ಎಂದು ಅಜ್ಜಿ ಚಿಕ್ಕಮಾದಮ್ಮ ಜಗಲಿಯ ಮೇಲಿಂದಲೇ ಕೂಗುತ್ತಿದ್ದಳು. “ಅಲ್ಲಿ ನಲ್ಲಿ ತಿರುಗ್ಸುದ್ರೆ ಇಟ್ಟೂ ಬತ್ತದಾ?”

ಎಲ್ಲರೂ ನಗುತ್ತಿದ್ದರು. ಭಾನು ಮಾತ್ರ ಮುಖ ಊದಿಸಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಅವಳು ನರಸೀಪುರದ ಹೊರಗಿರುವ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಎಂ.ಕಾಂ. ಎರಡನೇ ವರ್ಷ ಓದುತ್ತಿದ್ದಳು. ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲು ಸೇರಿದ ಮೇಲೆ ಅವಳ ಕೈಗೆ ಮನೆಗೆಲಸದ ಅಭ್ಯಾಸ ತಪ್ಪಿತ್ತು. ಮಹಡಿಯ ಮೇಲೆ ಸೋಲಾರು, ಕೆಳಗೆ ಫಿಲ್ಟರ್ ನೀರು, ಪ್ರತಿಯೊಬ್ಬರಿಗೂ ಒಂದು ಮಂಚ, ಒಂದು ಮೇಜು, ಬೀಗ ಹಾಕುವ ಒಂದು ಬೀರು. ಓದುವ ಕೋಣೆಯಲ್ಲಿ ಸದ್ದು ಮಾಡಿದರೆ ಬೇರೆ ಹುಡುಗಿಯರೇ ತಿರುಗಿ ನೋಡುತ್ತಿದ್ದರು. ಗಂಟೆ ಹೊಡೆದಾಗ ತಟ್ಟೆ ಹಿಡಿದು ಹೋದರೆ ಬಿಸಿ ಊಟ. ಹದಿನಾರಿನ ಮನೆಯಲ್ಲಿ ಅವಳದೇ ಅಂತ ಒಂದು ಮೇಜು ಯಾವತ್ತೂ ಇರಲಿಲ್ಲ. ಅಲ್ಲಿ ಪುಸ್ತಕ ಬಿಚ್ಚಿದರೆ ಕೊಟ್ಟಿಗೆಯಿಂದ ಯಾರಾದರೂ ಕೂಗುತ್ತಿದ್ದರು.

ಆ ಹಾಸ್ಟೆಲಿಗೂ ಈ ಮನೆಗೂ ಇನ್ನೊಂದು ನಂಟಿತ್ತು, ಮೊಸರಿನದು. ಭಾನುವಿನ ಚಿಕ್ಕಪ್ಪ ರಾಜೇಂದ್ರನಿಗೆ ಯಾವ ಕಸುಬೂ ಕೈ ಹತ್ತಿರಲಿಲ್ಲ. ನಂಜನಗೂಡಿನಲ್ಲಿ ಇಟ್ಟ ಮೊಬೈಲ್ ಅಂಗಡಿ ಮುಚ್ಚಿತು, ರೇಷ್ಮೆಗೂಡಿನ ವ್ಯಾಪಾರ ಒಂದು ಬೆಳೆಗೇ ನಿಂತಿತು. ಮೂವತ್ತು ದಾಟಿದರೂ ಹೆಣ್ಣು ಕೊಡುವವರಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ಪ್ಯಾಕೆಟ್ ಮೊಸರು ನೀರು ನೀರು ಎಂದು ಗಲಾಟೆ ಮಾಡಿದಾಗ, ಮೆಸ್ ಸೆಕ್ರೆಟರಿಯಾಗಿದ್ದ ಭಾನು ವಾರ್ಡನ್ ಹೇಮಲತಾ ಮೇಡಂ ಹತ್ತಿರ ಹೋಗಿ, “ನಮ್ಮನೇಲಿ ಹಸುಗಳಿವೆ ಮೇಡಂ, ನಮ್ಮ ಚಿಕ್ಕಪ್ಪ ಗಟ್ಟಿ ಮೊಸರು ತಂದುಕೊಡ್ತಾರೆ” ಎಂದಳು. ಅಲ್ಲಿಂದ ರಾಜೇಂದ್ರನ ದೆಸೆ ತಿರುಗಿತು. ಮನೆಯ ಹಾಲು, ಅಕ್ಕಪಕ್ಕದವರ ಹಾಲು ಎಲ್ಲ ಸೇರಿಸಿ, ಕಾಯಿಸಿ, ಸ್ಟೀಲ್ ಕ್ಯಾನುಗಳಲ್ಲೇ ಹೆಪ್ಪು ಹಾಕಿ, ಬೆಳಗಾಗೆದ್ದು ಲಗೇಜ್ ಆಟೋದಲ್ಲಿ ನರಸೀಪುರಕ್ಕೆ ಒಯ್ಯುತ್ತಿದ್ದ. ಅವನು ಬೆಳಿಗ್ಗೆ ಬೇಗ ಏಳುವುದನ್ನು ಕಂಡೇ ಚಿಕ್ಕಮಾದಮ್ಮನ ಅರ್ಧ ಕಾಯಿಲೆ ವಾಸಿಯಾಗಿತ್ತು. ಬಿಳಿಗೆರೆಯಿಂದ ಒಂದು ಸಂಬಂಧವೂ ಕೂಡಿಬಂದಿತ್ತು.

ಒಂದು ಭಾನುವಾರ ಮಧ್ಯಾಹ್ನ ಹೆಡತಲೆ ಗ್ರಾಮದಿಂದ ಫೋನು ಬಂತು. ಭಾನುವಿನ ತಾಯಿ ಸುನೀತಾಳ ಸೋದರಮಾವ ತೀರಿಕೊಂಡಿದ್ದರು. ಸುನೀತಾ ಉಣ್ಣುತ್ತಿದ್ದ ತಟ್ಟೆಯನ್ನು ಬಿಟ್ಟು ಎದ್ದಳು. ಗಂಡ ನಿಂಗರಾಜು ಬೈಕು ತೆಗೆದ. ರಾಜೇಂದ್ರ ಬೆಳಿಗ್ಗೆಯೇ ಬಿಳಿಗೆರೆಗೆ ಹೋಗಿದ್ದ.

ಬೈಕು ಹತ್ತುವಾಗಲೂ ಸುನೀತಾ ಹೇಳಿದಳು: “ಭಾನು, ಹಾಲು ಕಾಯ್ಸಿ ಇಟ್ಟಿವ್ನಿ. ಕ್ಯಾನ್‌ಗಳಿಗೆ ಕುದಿಯೋ ನೀರು ಹಾಕಿ ತೊಳಿ. ಮುಚ್ಚಳದ್ ರಬ್ಬರ್ ಬಿಚ್ಚಿ ಉಜ್ಜು. ಬಿಸಿಲಲ್ಲಿ ಒಣಗ್ಸಿ ಆಮೇಲೆ ಹೆಪ್ಪಾಕು. ತಿಳೀತಾ?”

“ತಿಳೀತಮ್ಮ, ಹೋಗು ನೀನು.”

ಹಂಡೆಯ ಒಲೆ ಆರಿತ್ತು. ಹೊತ್ತಿಸಬೇಕಾದರೆ ಹಿತ್ತಲಿಂದ ಸೌದೆ ತರಬೇಕು, ಹೊಗೆ ಕುಡಿಯಬೇಕು. ಅಷ್ಟರಲ್ಲಿ ರೂಮ್‌ಮೇಟ್ ರಾಣಿ ಫೋನು ಮಾಡಿದಳು. ಇಬ್ಬರೂ ಸೇರಿ ಸೆಮಿನಾರಿಗೆ ತಯಾರಾಗಬೇಕಿತ್ತು. ಮಾತು ಸೆಮಿನಾರಿನಿಂದ ಚೂಡಿದಾರಕ್ಕೆ, ಚೂಡಿದಾರದಿಂದ ಸಿನಿಮಾಕ್ಕೆ ಹೋಯಿತು. ಹೊತ್ತಿಳಿಯುತ್ತಿದ್ದುದನ್ನು ನೋಡಿ ಭಾನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದುಕೊಂಡೇ ನಲ್ಲಿಯ ಕೆಳಗೆ ಕ್ಯಾನುಗಳನ್ನು ಇಟ್ಟು ತಣ್ಣೀರಿನಲ್ಲಿ ಗಲಬರಿಸಿದಳು. ಒಂದು ಮುಚ್ಚಳದ ರಬ್ಬರಿನ ಸಂದಿಯಲ್ಲಿ ಹಳದಿ ಪದರವೊಂದು ಅಂಟಿತ್ತು. ಕಂಡಿತು. ಬೆರಳಿನಿಂದ ಒಮ್ಮೆ ಒರೆಸಿದಳು. ರಬ್ಬರು ಬಿಚ್ಚಲಿಲ್ಲ.

“ಕ್ಯಾನ್ ತೊಳುದ್ಯಾ ಮಗ?” ಎಂದು ಅಜ್ಜಿ ಮಲಗಿದಲ್ಲಿಂದಲೇ ಕೇಳಿದಳು.

“ಹೂಂ ಅಜ್ಜಿ.”

ಹೆಪ್ಪು ಹಾಕಿ ಮುಚ್ಚಳ ಒತ್ತಿದಳು.

ಸೋಮವಾರ ಬೆಳಿಗ್ಗೆ ಚಿಕ್ಕಪ್ಪನ ಜೊತೆ ಅದೇ ಲಗೇಜ್ ಆಟೋದಲ್ಲಿ, ಅದೇ ಕ್ಯಾನುಗಳ ಮುಂದೆ ಕೂತು ಹಾಸ್ಟೆಲಿಗೆ ಬಂದಳು. ದಾರಿಯುದ್ದಕ್ಕೂ ರಾಜೇಂದ್ರ ಬಿಳಿಗೆರೆಯ ಹುಡುಗಿಯ ಮಾತೇ ಆಡಿದ. “ಟೀಚರ್ ಟ್ರೈನಿಂಗ್ ಮಾಡವ್ಳೆ ಕಣ್ ಭಾನು. ನಾನೇನ್ ಕೆಲ್ಸ ಮಾಡ್ತೀನಿ ಅಂತ ಅವ್ರಪ್ಪ ಕೇಳುದ್ರು. ಯೂನಿವರ್ಸಿಟಿ ಹಾಸ್ಟೆಲ್‌ಗೆ ಸಪ್ಲೈ ಅಂದೆ. ಕುರ್ಚಿ ಎಳುದ್ ಆಕುದ್ರು ನೋಡು!”

ಅಡುಗೆಮನೆಯ ಬಾಗಿಲಲ್ಲಿ ನಾಗರತ್ನ ಕ್ಯಾನುಗಳನ್ನು ಇಳಿಸಿಕೊಂಡಳು. ನರಸೀಪುರದವಳು, ಹಾಸ್ಟೆಲಿನ ಮುಖ್ಯ ಅಡುಗೆಯವಳು, ಎಲ್ಲರ ಬಾಯಲ್ಲೂ ರತ್ನಕ್ಕ. ಬಾಯಿ ಜೋರು. ಅನ್ನ ಚೆಲ್ಲಿದವರನ್ನು ಎಲ್ಲರೆದುರಿಗೇ ಬೈಯುತ್ತಿದ್ದಳು, ತಡವಾಗಿ ಬಂದವರಿಗೆ ಪಾತ್ರೆ ಬೋರಲು ಹಾಕಿ ತೋರಿಸುತ್ತಿದ್ದಳು. ಹುಡುಗಿಯರಿಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಭಾನುವಿನ ಮೇಲೆ ಮಾತ್ರ ಸ್ವಲ್ಪ ಪ್ರೀತಿ, ಅದೂ ಮೊಸರಿನ ದೆಸೆಯಿಂದ. ಆ ಮಧ್ಯಾಹ್ನ ಭಾನು ಮನೆಯಿಂದ ತಂದಿದ್ದ ಚಿತ್ರಾನ್ನವನ್ನೇ ಕೋಣೆಯಲ್ಲಿ ತಿಂದಳು. ಮೆಸ್ಸಿಗೆ ಇಳಿಯಲಿಲ್ಲ.

ಸಂಜೆಯ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಯಾರೋ ವಾಂತಿ ಮಾಡಿದರು ಎಂದರು. ಆಮೇಲೆ ಇನ್ನೊಬ್ಬಳು. ದೀಪ ಹಚ್ಚುವಷ್ಟರಲ್ಲಿ ಬಚ್ಚಲುಗಳ ಮುಂದೆ ಸಾಲು ನಿಂತಿತ್ತು. ರಾಣಿ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಸುರುಳಿ ಸುತ್ತಿಕೊಂಡಳು. ಅವಳ ಕೈಕಾಲು ತಣ್ಣಗಾಗಿದ್ದನ್ನು ನೋಡಿ ಭಾನು ಚೀರಿ ವಾರ್ಡನ್ನನ್ನು ಕರೆದಳು. ಆಂಬುಲೆನ್ಸ್ ಬಂತು. ಆಸ್ಪತ್ರೆಯ ವಾರ್ಡಿನಲ್ಲಿ ಹುಡುಗಿಯರನ್ನು ಒಂದು ಹಾಸಿಗೆಗೆ ಇಬ್ಬಿಬ್ಬರಂತೆ ಮಲಗಿಸಿ ಡ್ರಿಪ್ ಹಾಕಿದರು.

“ಏನು ತಿಂದ್ರಿ?” ಎಂದು ಡಾಕ್ಟರು ಕೇಳಿದರು.

“ಅನ್ನ, ಹುರುಳಿಕಾಳು ಸಾರು, ಬೀನ್ಸ್ ಪಲ್ಯ, ಮೊಸರು,” ಎಂದು ರಾಣಿ ಕಣ್ಣುಮುಚ್ಚಿಕೊಂಡೇ ಹೇಳಿದಳು.

ರಾಣಿಯ ಕಾಲು ಒತ್ತುತ್ತಿದ್ದ ಭಾನುವಿನ ಕೈ ನಿಂತುಹೋಯಿತು. ಮುಚ್ಚಳದ ಆ ಹಳದಿ ಪದರ ಬೆರಳಿನ ತುದಿಯಲ್ಲಿ ಈಗಲೂ ಇದೆಯೆನಿಸಿತು.

ಮಾರನೆಯ ದಿನ ವಾರ್ಡನ್ ಕೋಣೆಯಲ್ಲಿ ಸಭೆ ಸೇರಿತು. ಅಷ್ಟು ಹೊತ್ತಿಗೆ ಪಾತ್ರೆಗಳನ್ನೆಲ್ಲ ತೊಳೆದಾಗಿತ್ತು, ಪರೀಕ್ಷೆ ಮಾಡಿಸಲು ಒಂದು ತುತ್ತೂ ಉಳಿದಿರಲಿಲ್ಲ. ಹುಡುಗಿಯರು ಒಬ್ಬರ ಮೇಲೊಬ್ಬರು ಮಾತಾಡಿದರು. ಅಡುಗೆಮನೆಯಲ್ಲಿ ಜಿರಳೆ ಇದೆ, ಎಣ್ಣೆ ಮತ್ತೆ ಮತ್ತೆ ಬಳಸುತ್ತಾರೆ, ಕೇಳಿದರೆ ಬೈಯುತ್ತಾರೆ.

ನಾಗರತ್ನ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಬಾಗಿಲಲ್ಲಿ ನಿಂತಿದ್ದಳು.

“ಮೊಸರು ಹೇಗಿತ್ತು?” ಎಂದು ಹೇಮಲತಾ ಮೇಡಂ ಕೇಳಿದರು.

ಭಾನು ಬಾಯಿ ತೆರೆಯುವ ಮೊದಲೇ ನಾಗರತ್ನ ಹೇಳಿಬಿಟ್ಟಳು: “ಮೊಸ್ರು ಭಾನವ್ವನ ಮನೇದು ಮೇಡಂ. ದಿನಾ ಒಳ್ಳೇದೇ ಬತ್ತದೆ. ಅದ್ರಲ್ ಏನೂ ಇರಾಕಿಲ್ಲ.”

“ಮತ್ತೆ? ಸೆಕ್ರೆಟರಿ ನೀನು, ಹೇಳಮ್ಮ.”

ಎಲ್ಲರೂ ಭಾನುವಿನ ಕಡೆ ತಿರುಗಿದರು. ಚಿಕ್ಕಪ್ಪನಿಗೆ ಎಳೆದು ಹಾಕಿದ ಕುರ್ಚಿ ನೆನಪಾಯಿತು. ತನ್ನ ಮುಖದ ಮೇಲೆ ಬೀಳುವ ಇಷ್ಟೂ ಕಣ್ಣುಗಳು ಕಂಡವು.

“ಬೀನ್ಸ್ ಹಿಂದಿನ ದಿನವೇ ಹೆಚ್ಚಿಟ್ಟಿದ್ರು ಮೇಡಂ,” ಎಂದಳು.

ಅದು ನಿಜವೇ ಆಗಿತ್ತು. ಸೋಮವಾರ ಕೆಲಸ ಜಾಸ್ತಿ ಎಂದು ನಾಗರತ್ನ ಭಾನುವಾರ ಸಂಜೆಯೇ ಬೀನ್ಸ್ ಹೆಚ್ಚಿಡುತ್ತಿದ್ದಳು. ಯಾವತ್ತೂ ಏನೂ ಆಗಿರಲಿಲ್ಲ. ನಾಗರತ್ನ ಭಾನುವನ್ನು ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು.

“ಊಂ ಮೇಡಂ, ಎಚ್ಚಿಟ್ಟಿದ್ದೆ,” ಎಂದಳು.

“ಸದ್ಯಕ್ಕೆ ನಾಳೆಯಿಂದ ಬರಬೇಡಿ ನಾಗರತ್ನ,” ಎಂದರು ಮೇಡಂ. ಅಷ್ಟಕ್ಕೆ ಸಭೆ ಮುಗಿಯಿತು.

ಆ ಶನಿವಾರ ಮನೆಯಲ್ಲಿ ರಾಜೇಂದ್ರ ಮೈಸೂರುಪಾಕಿನ ಪೊಟ್ಟಣ ಹಿಡಿದು ಕಾದಿದ್ದ. “ನಮ್ ಹೆಸ್ರು ಬರ್ನಿಲ್ಲ ಕಣ್ ಭಾನು! ಮೇಡಂ ಫೋನ್ ಮಾಡಿ, ಮೊಸರು ಹಂಗೇ ಮುಂದುವರ್ಸಿ ಅಂದ್ರು. ನೀನ್ ಅಲ್ಲಿದ್ದದ್ಕೆ ಉಳ್ಕಂಡೆ ನಾನು.”

“ನಾನೇನೂ ಮಾಡಿಲ್ಲ ಚಿಕ್ಕಪ್ಪ.”

“ಮಾಡ್ನಿಲ್ವಾ? ತಿನ್ನು, ತಿನ್ನು.”

ನಿಂಗರಾಜು ಎಲೆಯಡಿಕೆ ಮೆಲ್ಲುತ್ತಾ, “ಆ ಅಡುಗೆಯವ್ಳು ಎಂಥವ್ಳಿರ್ಬೇಕು? ಮಕ್ಳ ಪ್ರಾಣದ್ ಜೊತೆ ಆಟ ಆಡೋದಾ!” ಎಂದ. ಭಾನು ಬಾಯಲ್ಲಿದ್ದ ಸಿಹಿಯನ್ನು ನುಂಗಲಾರದೆ ಹಿತ್ತಿಲಿಗೆ ಹೋಗಿ ಉಗಿದಳು.

ಹಿಂದೆಯೇ ಸುನೀತಾ ಬಂದಳು.

“ಬಿಸ್ನೀರಲ್ಲಿ ತೊಳ್ದಿರ್ನಿಲ್ಲ ಅಲ್ವಾ ನೀನು?”

ಭಾನು ತಲೆ ಎತ್ತಲಿಲ್ಲ.

“ಅವತ್ತು ನಾ ಬಂದಾಗ ಒಲೆ ಬೂದಿ ತಣ್ಣಗಿತ್ತು. ಬೆಳಿಗ್ಗೆ ನಾ ಸುರ್ದಿದ್ ನೀರು ಹಂಡೇಲಿ ಹಂಗೇ ಇತ್ತು. ಅದ್ನ ನೋಡೂ ಸುಮ್ನಾದೆ. ಸಾವಿನ ಮನೆಯಿಂದ ಬಂದಿದ್ದೆ, ಸುಸ್ತಾಗಿತ್ತು. ಏನಾದ್ರೂ ಆದಾತು ಅಂತ ಅನ್ನುಸ್ಲೇ ಇಲ್ಲ.”

“ಅಮ್ಮ, ನಾನು ಮೇಡಂಗೆ ಹೇಳಿಬಿಡ್ತೀನಿ.”

“ಏನಂತ ಹೇಳೀಯ?” ಸುನೀತಾ ಸುತ್ತ ನೋಡಿ ದನಿ ತಗ್ಗಿಸಿದಳು. “ನಿಶ್ಚಿತಾರ್ಥಕ್ಕೆ ದಿನ ನೋಡವ್ರೆ. ನಿಮ್ಮಜ್ಜಿ ಮೊಕ ನೋಡು, ಎಷ್ಟ್ ವರ್ಷದ್ ಮೇಲೆ ನಗ್ತಾವ್ರೆ. ಈಗ ಹೋಗಿ ಮೊಸರಿಂದ ಆಯ್ತು ಅಂತ ಅಂದ್ರೆ? ಬಾಯ್ಮುಚ್ಕಂಡಿರು. ಎಲ್ರೂ ವಾಸಿಯಾಗವ್ರಲ್ಲ?”

“ರತ್ನಕ್ಕನ್ನ ತೆಗೆದುಬಿಟ್ರಮ್ಮ.”

“ಅಡುಗೆ ಬರೋರ್ಗೆ ಎಲ್ಲಾದ್ರೂ ಕೆಲ್ಸ ಸಿಕ್ತದೆ,” ಎಂದಳು ಸುನೀತಾ, ತನಗೇ ಹೇಳಿಕೊಳ್ಳುವಂತೆ.

ಅವತ್ತಿನಿಂದ ಅವಳು ಮಗಳನ್ನು ಕ್ಯಾನುಗಳ ಹತ್ತಿರ ಬಿಡಲಿಲ್ಲ. ಭಾನು ತಾನೇ ಸೌದೆ ತಂದು ಒಲೆ ಹೊತ್ತಿಸಿದರೂ, “ನೀನ್ ಓದ್ಕೋ ಹೋಗು” ಎನ್ನುತ್ತಿದ್ದಳು. ಬೈದಿದ್ದರೆ ಭಾನುವಿಗೆ ಎಷ್ಟೋ ಹಗುರವಾಗುತ್ತಿತ್ತು. ಕುದಿಯುವ ನೀರಿನ ಹಬೆಯಲ್ಲಿ ತಾಯಿ ಒಂದೊಂದು ರಬ್ಬರನ್ನೂ ಬಿಚ್ಚಿ ತಿಕ್ಕುವುದನ್ನು ಅವಳು ಬಾಗಿಲ ಮರೆಯಿಂದ ನೋಡುತ್ತಿದ್ದಳು. ಮೊದಲು ಒಂದು ಸಲ ತೊಳೆಯುತ್ತಿದ್ದವಳು ಈಗ ಎರಡು ಸಲ ತೊಳೆಯುತ್ತಿದ್ದಳು. “ಅದೇನ್ ಸವ್ಸಿ ಬುಡ್ತೀಯಾ ಕ್ಯಾನ?” ಎಂದು ಅಜ್ಜಿ ಸೊಸೆಯನ್ನು ಗದರುತ್ತಿದ್ದಳು.

ಹಾಸ್ಟೆಲಿನಲ್ಲಿ ಹೊಸ ಅಡುಗೆಯವರು ಬಂದರು. ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ. ವಾಸಿಯಾಗಿ ಬಂದ ರಾಣಿ ತಟ್ಟೆ ತಿರುಗಿಸುತ್ತಾ, “ಬೈದ್ರೂ ಪರವಾಗಿಲ್ಲ ಕಣೆ, ರತ್ನಕ್ಕನ ಸಾರೇ ಚೆನ್ನಾಗಿತ್ತು. ಆದ್ರೆ ನನ್ನ ಸಾಯಿಸಿಬಿಡ್ತಿದ್ಳು,” ಎಂದು ನಕ್ಕಳು. ಭಾನುವಿಗೆ ನಗಲಾಗಲಿಲ್ಲ. ರಾಣಿಯ ಬಟ್ಟೆಯನ್ನೂ ತಾನೇ ಒಗೆದು ಹಾಕುತ್ತಿದ್ದಳು, ಅವಳ ಬಾಟಲಿಗೆ ನೀರು ತುಂಬಿಸಿ ತರುತ್ತಿದ್ದಳು. “ಏನೇ ಇದು, ನನಗೆ ಕಾಯಿಲೆ ಬಂದಿದ್ದೇ ಒಳ್ಳೇದಾಯ್ತು!” ಎಂದು ರಾಣಿ ಅವಳ ಕುತ್ತಿಗೆಗೆ ತೋಳು ಹಾಕಿದರೆ ಭಾನುವಿಗೆ ಅಳು ಬರುತ್ತಿತ್ತು. ಬಿಸಿನೀರಿನ ನಲ್ಲಿಯನ್ನು ಅವಳು ಮುಟ್ಟುವುದನ್ನೇ ಬಿಟ್ಟಿದ್ದಳು. ಕಾರಣ ಕೇಳಿದವರಿಗೆ ಸೆಖೆ ಎನ್ನುತ್ತಿದ್ದಳು.

ನಿಶ್ಚಿತಾರ್ಥ ಹದಿನಾರಿನ ಮನೆಯಲ್ಲೇ ನಡೆಯಿತು. ಅಡುಗೆಗೆ ನರಸೀಪುರದ ಚೆಲುವರಾಜುವಿನ ತಂಡವನ್ನು ರಾಜೇಂದ್ರ ಗೊತ್ತುಮಾಡಿದ್ದ. ಬೆಳಿಗ್ಗೆ ಹಿತ್ತಿಲಿಗೆ ನೀರು ಕೊಡಲು ಹೋದ ಭಾನು ಅಲ್ಲೇ ನಿಂತುಬಿಟ್ಟಳು. ಹೋಳಿಗೆಯ ಕಣಕ ನಾದುತ್ತಾ ನಾಗರತ್ನ ಕೂತಿದ್ದಳು. ಮುಖ ಇಳಿದಿತ್ತು.

“ಅಯ್ಯೋ ಭಾನವ್ವ! ನಿಮ್ ಮನೇನಾ ಇದು? ನಂಗೊತ್ತೇ ಇಲ್ಲ ನೋಡು. ಮೊಸ್ರಣ್ಣಂಗೇ ನಿಶ್ಚಿತಾರ್ಥವಾ?”

“ಹೂಂ ರತ್ನಕ್ಕ. ನೀವು ಇವರ ಜೊತೆ ಯಾವಾಗಿಂದ?”

“ಎರಡ್ ಮೂರ್ ಮದ್ವೆ ಆಯ್ತು. ಒಲೆ ಮುಟ್ಟುಸಾಕಿಲ್ಲ ಕಣವ್ವ. ಇಟ್ಟು ನಾದು, ಈರುಳ್ಳಿ ಸುಲಿ, ಅಷ್ಟೆ. ಆಸ್ಟೆಲ್ ಮಕ್ಳಿಗೆ ಇಂಗಾಯ್ತು ಅಂತ ಊರೆಲ್ಲ ಗೊತ್ತಲ್ಲ.” ಕಣಕವನ್ನು ಮಗುಚಿ ಹಾಕಿದಳು. “ಆ ರಾಣಿ ಅನ್ನೋ ಮಗ ಎಂಗದೆ? ಉಸಾರಾಗವ್ಳಾ?”

“ಆಗಿದ್ದಾಳೆ.”

“ನನ್ ಮಗ್ಳ ಓರ್ಗೆ ಕಣವ್ವ ಅವ್ಳು. ನೆನುಸ್ಕಂಡ್ರೆ ಗಂಟ್ಲಲ್ಲಿ ಅನ್ನ ಇಳಿಯಾಕಿಲ್ಲ ನಂಗೆ. ಆ ಬೀನ್ಸ ಇಂದಿನ್ ದಿನ ಎಚ್ಬಾರ್ದಾಗಿತ್ತು. ವಸಿ ಸೋಂಬೇರಿತನ ಮಾಡ್ಬುಟ್ಟೆ. ನೀನು ನಿಜಾನೇ ಏಳ್ದೆ, ನಿಂದೇನ್ ತಪ್ಪಿಲ್ಲ.”

ಭಾನು ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟಳು. ಕೆಲಸ ಹೋಗಿದ್ದು ಒಂದು. ಮಾಡದ ತಪ್ಪನ್ನು ಈ ಹೆಂಗಸು ಹೊತ್ತುಕೊಂಡು ತಿರುಗುತ್ತಿರುವುದು ಇನ್ನೊಂದು. ಅದನ್ನು ಅವಳ ತಲೆಯ ಮೇಲೆ ಇಟ್ಟದ್ದು ತಾನೇ.

“ಬೀನ್ಸಿಂದ ಅಲ್ಲ ರತ್ನಕ್ಕ.”

“ಏನು?”

“ಮೊಸರಿಂದ ಆಗಿದ್ದು. ಅವತ್ತು ಕ್ಯಾನು ತೊಳೆದವಳು ನಾನು. ಬಿಸಿನೀರು ಹಾಕಲಿಲ್ಲ. ಮುಚ್ಚಳ ಗಲೀಜಿತ್ತು, ನೋಡಿಯೂ ಬಿಟ್ಟೆ. ಆಸ್ಪತ್ರೇಲೇ ಗೊತ್ತಾಗಿತ್ತು ನನಗೆ. ಮೇಡಂ ಕೇಳಿದಾಗ ನಿಮ್ಮ ಮೇಲೆ ಹೇಳಿಬಿಟ್ಟೆ.”

ನಾಗರತ್ನಳ ಕೈ ಕಣಕದಲ್ಲೇ ನಿಂತಿತು. ಒಳಗಿನಿಂದ ಸುನೀತಾ, “ಭಾನು, ಆರತಿ ತಟ್ಟೆ ಎಲ್ಲಿ? ಒಳಕ್ ಬಾ!” ಎಂದು ಕೂಗುತ್ತಾ ಹಿತ್ತಿಲ ಬಾಗಿಲಿಗೆ ಬಂದವಳು ಇಬ್ಬರ ಮುಖ ನೋಡಿ ಹೊಸ್ತಿಲಲ್ಲೇ ನಿಂತಳು.

“ಇಷ್ಟ್ ದಿನ?” ಎಂದಳು ನಾಗರತ್ನ. ದನಿ ಏರಿರಲಿಲ್ಲ. “ಇಷ್ಟ್ ದಿನ ಗೊತ್ತಿತ್ತಾ ನಿಂಗೆ?”

“ಕ್ಷಮಿಸಿ ರತ್ನಕ್ಕ...”

“ನಂಗೊಬ್ಳಿಗೆ ಇತ್ಲಲ್ಲಿ ಏಳುದ್ರೆ ಏನಾದದವ್ವ? ಅವತ್ತು ಅಷ್ಟು ಜನ್ರ ಮುಂದೆ ಏಳ್ದಲ್ಲ, ಅಲ್ಲಿ ಏಳು ಓಗು.”

ನಾಗರತ್ನ ಕಣಕ ನಾದಿ ಮುಗಿಸಿದಳು, ಹೂರಣದ ಉಂಡೆ ಕಟ್ಟಿದಳು, ಪಾತ್ರೆ ತೊಳೆದಳು. ಪಂಕ್ತಿ ಮುಗಿದ ಮೇಲೆ ಸುನೀತಾ ತಾನೇ ಎಲೆ ಹಾಕಿ, “ಉಣ್ಣಿ ಬನ್ನಿ” ಎಂದು ಕರೆದಳು. “ಅಸಿವಿಲ್ಲ ಕಣವ್ವ,” ಎಂದು ನಾಗರತ್ನ ತಂಡದವರ ಗಾಡಿ ಹತ್ತಿ ಕೂತಳು.

ಬೀಗರು ಹೋದ ಮೇಲೆ, ಇನ್ನೂ ಚಪ್ಪರದ ಕುರ್ಚಿಗಳನ್ನು ಎತ್ತಿರಲಿಲ್ಲ, ಭಾನು ಎಲ್ಲರ ಮುಂದೆ ವಿಷಯ ಹೇಳಿದಳು. ಸೋಮವಾರ ವಾರ್ಡನ್ನಿಗೆ ಹೇಳುವುದಾಗಿಯೂ ಹೇಳಿದಳು.

ರಾಜೇಂದ್ರನ ಬೆರಳಲ್ಲಿ ಹೊಸ ಉಂಗುರವಿತ್ತು. ಅದನ್ನು ತಿರುಗಿಸುತ್ತಾ ಮೊದಲು ನಕ್ಕ. “ತಮಾಸೆ ಮಾಡ್ತಿದ್ದೀಯಾ?”

“ಇಲ್ಲ ಚಿಕ್ಕಪ್ಪ.”

“ನಿಂಗೇನ್ ತಲೆ ಕೆಟ್ಟದಾ? ಬೀಗ್ರು ಈಗ ತಾನೆ ಓದ್ರು! ನಾಳೆ ಅವ್ರು ಏನ್ ಕೆಲ್ಸ ಮಾಡ್ತಿದ್ದೀಯ ಅಂದ್ರೆ ಏನೇಳ್ಲಿ? ನೀನೇ ಕೊಡುಸ್ದೆ, ಈಗ ನೀನೇ ಕಿತ್ಕತಾ ಇದ್ದೀಯಲ್ಲ ಭಾನು. ನಾನೇನ್ ಮಾಡಿದ್ದೆ ನಿಂಗೆ?”

ನಿಂಗರಾಜು ತಮ್ಮನ ಭುಜ ಹಿಡಿದ. “ತಡಿಲಾ. ನೋಡಮ್ಮಿ, ಏಳ್ಬೇಡ ಅನ್ನಾಕಿಲ್ಲ ನಾನು. ಮದ್ವೆ ಒಂದಾಗ್ಲಿ, ಆಮೇಲೇಳು.”

“ಮದ್ವೆ ಆದ್ಮೇಲೆ ಬಾಣಂತನ ಬತ್ತದೆ,” ಎಂದಳು ಚಿಕ್ಕಮಾದಮ್ಮ. ಇಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದಳು. “ಆವತ್ತು ತೊಳುದ್ಯಾ ಅಂತ ಕೇಳ್ದೆ. ಊಂ ಅಂದ್ಬುಟ್ಟೆ ನಂಗೇ. ಎದ್ದೋಗಿ ಒಂದ್ ಕಿತಾ ನಾನೇ ನೋಡಿದ್ರೆ ಆಗಿತ್ತು. ಮಂಡಿ ನೋವು ಅಂತ ಮಲ್ಗಿದ್ದೆ.”

“ನಂಗೂ ಗೊತ್ತಿತ್ತು,” ಎಂದಳು ಸುನೀತಾ.

ಎಲ್ಲರೂ ಅವಳತ್ತ ತಿರುಗಿದರು.

“ಅವತ್ತಿನ್ ಸಂಜೆನೇ ಗೊತ್ತಿತ್ತು. ಹೇಳ್ಬೇಡ ಅಂತ ನಾನೇ ಇವ್ಳ ಬಾಯಿ ಕಟ್ಟಿದ್ದು. ಅನ್ನೋದಿದ್ರೆ ನನ್ನೂ ಅನ್ನಿ.”

“ಅತ್ಗೆ, ನೀವೂನಾ?” ರಾಜೇಂದ್ರ ಅಷ್ಟೇ ಹೇಳಿದ್ದು. ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು ಎದ್ದುಹೋದ. ಆ ಸಂಜೆ ಮಿಕ್ಕ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ.

ಸೋಮವಾರ ಭಾನು ಬಸ್ಸಿನಲ್ಲಿ ನರಸೀಪುರಕ್ಕೆ ಹೋದಳು. ಹೇಮಲತಾ ಮೇಡಂ ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

“ಮೊದಲೇ ಹೇಳೋಕೆ ಏನಾಗಿತ್ತು? ಮೇಲಿನವರಿಗೆ ಆಗಲೇ ವರದಿ ಹೋಗಿದೆ. ಈಗ ನಾನು ಏನಂತ ಬರೆಯಲಿ?”

“ನನ್ನ ಹೆಸರು ಬರೀರಿ ಮೇಡಂ.”

“ನಿನ್ನ ಹೆಸರು ಬರೆದರೆ ಮುಗೀತಾ? ಆ ಹೆಂಗಸನ್ನ ನಾನು ಒಂದೇ ಮಾತಿಗೆ ಕಳಿಸಿಬಿಟ್ಟೆ.” ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಸೆಕ್ರೆಟರಿ ಕೆಲಸ ಬಿಡು. ಮೊಸರು ಇವತ್ತಿಂದ ನಿಲ್ಲಿಸು. ನಾಗರತ್ನ ಅವರಿಗೆ ನಾನೇ ಫೋನ್ ಮಾಡ್ತೀನಿ. ಬರ್ತಾರೋ ಇಲ್ಲವೋ ಅವರಿಗೆ ಬಿಟ್ಟಿದ್ದು.”

ಮಧ್ಯಾಹ್ನ ಊಟದ ಕೋಣೆ ತುಂಬಿದಾಗ ಭಾನು ಕೈತೊಳೆಯುವ ತೊಟ್ಟಿಯ ಪಕ್ಕ ನಿಂತು ಮಾತಾಡಿದಳು. ಮೊದಲ ಮಾತು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಜೋರಾಗಿ ಹೇಳಿದಳು. ಕ್ಯಾನಿನ ವಿಷಯ, ಮುಚ್ಚಳದ ವಿಷಯ, ಬೀನ್ಸಿನ ವಿಷಯ. ತಟ್ಟೆಗಳ ಸದ್ದು ಒಂದೊಂದೇ ಮೇಜಿನಲ್ಲಿ ನಿಂತಿತು. ಹೇಳಿ ಮುಗಿದ ಮೇಲೆ ಏನು ಮಾಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

“ನಾವು ಸತ್ತೋಗಿದ್ರೂ ಹಿಂಗೇ ಸುಮ್ನಿರ್ತಿದ್ಯಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

ಭಾನು ರಾಣಿಯನ್ನು ನೋಡಿದಳು. ರಾಣಿ ತಟ್ಟೆ ಎತ್ತಿಕೊಂಡು ಹತ್ತಿರ ಬಂದಳು.

“ಅದಕ್ಕೇನಾ ನನ್ನ ಬಟ್ಟೆ ಒಗೀತಿದ್ದಿದ್ದು?”

ಉತ್ತರಕ್ಕೆ ಕಾಯದೆ ಇನ್ನೊಂದು ಮೇಜಿಗೆ ಹೋಗಿ ಕೂತಳು. ಸಂಜೆ ವಾರ್ಡನ್ನಿಗೆ ಹೇಳಿ ತನ್ನ ಹಾಸಿಗೆಯನ್ನು ಪಕ್ಕದ ಕೋಣೆಗೆ ಬದಲಿಸಿಕೊಂಡಳು.

ನಾಗರತ್ನ ಗುರುವಾರ ಕೆಲಸಕ್ಕೆ ಬಂದಳು. ಹುಡುಗಿಯರು ಸಾಲು ನಿಂತು ನಾಚುತ್ತಾ ಕ್ಷಮೆ ಕೇಳಿದರು. “ಆಯ್ತು, ಆಯ್ತು, ಸಾರು ಆರೋಗ್ತದೆ,” ಎಂದು ಅವಳು ಎಲ್ಲರನ್ನೂ ಓಡಿಸಿದಳು. ಭಾನುವಿನ ತಟ್ಟೆಗೆ ಬಡಿಸುವಾಗ ಮುಖ ನೋಡಲಿಲ್ಲ.

ಶುಕ್ರವಾರ ಸಂಜೆ ಸುನೀತಾ ಫೋನು ಮಾಡಿದಳು.

“ಉಂಡ್ಯಾ?”

“ಹೂಂ. ಚಿಕ್ಕಪ್ಪ ಹೇಗಿದಾರಮ್ಮ?”

“ಹಾಲ್ನ ಡೈರಿಗೆ ಹಾಕ್ತಾವ್ನೆ. ಬಿಳಿಗೆರೆಯೋರ್ಗೆ ಅವ್ನೇ ಹೋಗಿ ಹೇಳ್ಬಂದ. ಅವ್ರೇನೂ ಅನ್ನಲಿಲ್ವಂತೆ. ಕುರ್ಚೀನೂ ಹಾಕ್ಲಿಲ್ವಂತೆ. ಭಾನು...”

“ಹೇಳಮ್ಮ.”

“ಈ ವಾರ ಬರ್ಬೇಡ ಕಣವ್ವ. ನೀನ್ ಮಾಡಿದ್ದು ತಪ್ಪು ಅಂತ ಅಲ್ಲ. ಅವ್ನು ನಿನ್ ಮುಂದೆ ಕೂತು ಉಣ್ಣಕಾಗಲ್ಲ ಅಂತಾವ್ನೆ. ವಸಿ ದಿನ ಹೋಗ್ಲಿ.”

“ಸರಿಯಮ್ಮ,” ಎಂದಳು ಭಾನು. ಫೋನು ಇಟ್ಟ ಮೇಲೂ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

ಶನಿವಾರ ಹಾಸ್ಟೆಲು ಬರಿದಾಯಿತು. ಹುಡುಗಿಯರು ಬ್ಯಾಗು ಹೊತ್ತು ಬಸ್ಸಿಗೆ ಓಡಿದರು. ರಾಣಿಯೂ ಹೊರಟಳು. ಮೆಟ್ಟಿಲಿನಲ್ಲಿ ಎದುರಾದಾಗ ಇಬ್ಬರೂ ಪಕ್ಕಕ್ಕೆ ಸರಿದರು. ಮಧ್ಯಾಹ್ನ ಊಟದ ಕೋಣೆಯಲ್ಲಿ ಭಾನು ಒಬ್ಬಳೇ ಉಂಡಳು. ತಟ್ಟೆ ತೊಳೆದಿಟ್ಟು ಬರುವಾಗ ಅಡುಗೆಮನೆಯ ನೆಲದ ಮೇಲೆ ಗೋಣಿ ಹಾಸಿ, ದಂಟಿನ ಸೊಪ್ಪಿನ ರಾಶಿ ಮುಂದಿಟ್ಟುಕೊಂಡು ನಾಗರತ್ನ ಕೂತಿದ್ದಳು.

“ಊರ್ಗೋಗ್ನಿಲ್ವಾ?”

“ಇಲ್ಲ ರತ್ನಕ್ಕ.”

“ಯಾಕೆ?”

“ಬರಬೇಡ ಅಂದ್ರು.”

ನಾಗರತ್ನ ಸೊಪ್ಪಿನ ಒಂದು ಹಿಡಿ ಎತ್ತಿ, ಬೇರು ಕಿತ್ತು, ಒಣಗಿದ ಎಲೆ ಆಯ್ದು ಪಕ್ಕಕ್ಕೆ ಹಾಕಿದಳು. ಇನ್ನೊಂದು ಹಿಡಿ ಎತ್ತಿದಳು. ಭಾನು ಬಾಗಿಲಲ್ಲೇ ನಿಂತಿದ್ದಳು, ಹೋಗಲೂ ಆಗದೆ, ಇರಲೂ ಆಗದೆ.

“ಬೀನ್ಸಿಂದ ಅಂತ ನಾನು ಎಷ್ಟ್ ದಿನ ಅತ್ತೆ ಗೊತ್ತಾ ನಿಂಗೆ?” ಎಂದಳು ನಾಗರತ್ನ ತಲೆ ಎತ್ತದೆ. “ಅದ್ನ ಮರ್ತ್ಬುಡ್ತೀನಿ ಅಂತ ಅನ್ಕಬೇಡ.”

“ಇಲ್ಲ ರತ್ನಕ್ಕ.”

“ಊಂ.”

ಗೋಣಿಯ ಆ ತುದಿಯಲ್ಲಿದ್ದ ಪಾತ್ರೆಯನ್ನು ಕಾಲಿನಿಂದ ಸರಿಸಿ ಜಾಗ ಮಾಡಿದಳು. “ಸುಮ್ಕೆ ಯಾಕ್ ನಿಂತಿದ್ದೀಯ? ಕುಂತ್ಕೊ. ಸೊಪ್ಪು ಬಾಳ ಅದೆ.”

ಭಾನು ಕೂತಳು. ಎಳೆ ದಂಟು ಯಾವುದು, ನಾರು ಯಾವುದು ಎಂದು ನೋಡಿ ನೋಡಿ ಬಿಡಿಸತೊಡಗಿದಳು. ಅವಳು ಬಿಡಿಸಿ ಹಾಕಿದ್ದನ್ನೆಲ್ಲ ನಾಗರತ್ನ ಇನ್ನೊಮ್ಮೆ ಕೈಗೆತ್ತಿಕೊಂಡು, ಎಲೆಯೆಲೆಯಾಗಿ ತಿರುಗಿಸಿ ನೋಡಿ, ಆಮೇಲೆ ಪಾತ್ರೆಗೆ ಹಾಕುತ್ತಿದ್ದಳು.